ಸೀಲಿಗೂ ಸೈ, ಬೋರ್ಡಿಗೂ ಸೈ: ಸಣ್ಣ ವ್ಯಾಪಾರಕ್ಕೆ ಲೋಗೊ ಮಾಡುವ ಬಗೆ

ಹುಬ್ಬಳ್ಳಿಯಲ್ಲಿ ನನಗೆ ಬರುವ ಡಿಸೈನ್ ಕೆಲಸದಲ್ಲಿ ಜಾಸ್ತಿ ಪಾಲು ರೊಟ್ಟಿ, ಹಿಂಡಿ (ಅಂದರೆ ಚಟ್ನಿಪುಡಿ), ಹೋಳಿಗೆ ಮಾಡಿ ಮಾರುವ ಮನೆಗಳದ್ದು. ಎಲ್ಲರೂ ಖಡಕ್ ರೊಟ್ಟಿಯಿಂದ ಶುರು ಮಾಡುತ್ತಾರೆ. ಸ್ವಲ್ಪ ದಿನಕ್ಕೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಮೆಣಸಿನಕಾಯಿ ಚಟ್ನಿಯಾದ ರಂಜಕ ಸೇರುತ್ತವೆ. ಪಂಚಮಿ ಬಂದರೆ ಉಂಡಿ. ಲೋಗೊದಲ್ಲಿ ರೊಟ್ಟಿ ಬಡಿಯುವ ಹೆಂಗಸಿನ ಚಿತ್ರ ಇದ್ದರೆ ಉಂಡಿಯ ಡಬ್ಬಿಗೆ ಅದು ಹೊಂದುವುದಿಲ್ಲ. ಆಗ ಪ್ರೆಸ್ಸಿನವರು ತಮಗೆ ತೋಚಿದ ಇನ್ನೊಂದು ಚಿತ್ರ ಹಾಕಿಕೊಡುತ್ತಾರೆ. ಹೀಗೇ ನಡೆದರೆ ಒಂದೇ ಮನೆಯ ಸಾಮಾನು ಬೇರೆ ಬೇರೆಯವರದ್ದು ಎಂಬಂತೆ ಕಾಣತೊಡಗುತ್ತದೆ.

ಆದ್ದರಿಂದ ಯಾವುದು ಎಂದೂ ಬದಲಾಗಬಾರದು, ಯಾವುದು ಬದಲಾಗಬಹುದು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿ. 1981ರಲ್ಲಿ ಶುರುವಾದ ಎಂಟಿವಿ ಚಾನೆಲ್ಲಿನ ಲೋಗೊ ನೆನಪಿದೆಯಾ? ದಪ್ಪ ಎಂ ಅಕ್ಷರದ ಆಕಾರ ಅದೇ ಇರುತ್ತಿತ್ತು, ಅದರೊಳಗಿನ ಬಣ್ಣ ಮತ್ತು ಚಿತ್ತಾರ ಬದಲಾಗುತ್ತಲೇ ಇದ್ದವು. ಅಷ್ಟು ಬದಲಾವಣೆ ಅವರಿಗೆ ನಡೆಯಿತು, ಏಕೆಂದರೆ ಆ ಗುರುತು ದಿನವಿಡೀ ಟಿವಿಯಲ್ಲಿ ಕಾಣುತ್ತಿತ್ತು. ರೊಟ್ಟಿ ಪ್ಯಾಕೆಟ್ ಗಿರಾಕಿಯ ಕಣ್ಣಿಗೆ ಬೀಳುವುದು ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ. ಹಾಗಾಗಿ ಸಣ್ಣ ವ್ಯಾಪಾರದಲ್ಲಿ ಬದಲಾಗುವ ಭಾಗ ಒಂದೇ ಒಂದು ಇರಲಿ ಎನ್ನುವುದು ನನ್ನ ಹಟ.

ಉದಾಹರಣೆಗೆ ಹೆಸರು ‘ಬುತ್ತಿ’ ಎಂದಿಟ್ಟುಕೊಳ್ಳೋಣ. ಪೆನ್ಸಿಲ್ ಹಿಡಿಯುವ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಿನಲ್ಲಿ ಆ ಹೆಸರನ್ನು ಹುಡುಕಿ. ಇಂಥ ಚೆಂದದ ಹೆಸರು ಬೇರೆಯವರಿಗೂ ಹೊಳೆದಿರಬಹುದು, ಅಲ್ವಾ? ಟ್ರೇಡ್‌ಮಾರ್ಕಿಗಾಗಿ ಸಾಮಾನುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ರೊಟ್ಟಿ, ಚಟ್ನಿಪುಡಿ ಬರುವುದು 30ನೇ ವರ್ಗದಲ್ಲಿ. ಲೋಗೊದ ಬಣ್ಣ, ಚಿತ್ತಾರ ಬದಲಾಗುವುದರಿಂದ ಮೊದಲು ಬರೀ ಹೆಸರನ್ನೇ ವರ್ಡ್ ಮಾರ್ಕ್ ಆಗಿ ನೋಂದಾಯಿಸುವುದು ಒಳ್ಳೆಯದು. ವ್ಯಕ್ತಿಯಾಗಿ ಅಥವಾ ಸಣ್ಣ ಉದ್ಯಮವಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ. ‘ರುಚಿಯಾದ ರೊಟ್ಟಿ’ಯಂಥ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ಅದು ಬರೀ ಸಾಮಾನಿನ ವರ್ಣನೆಯಾಗುತ್ತದೆ.

ಆಮೇಲೆ ಅವರ ಮನೆಗೆ ಹೋಗಿ. ನಾನು ಕೇಳುವುದು ಇಷ್ಟೇ: “ಅಕ್ಕಾರ, ನಿಮ್ಮ ಹೆಸರು ಎಲ್ಲೆಲ್ಲಿ ಬರ್ತೈತಿ, ಎಲ್ಲಾ ತೋರಸ್ರಿ.” ಬಿಲ್ ಬುಕ್ಕು, ರಬ್ಬರ್ ಸೀಲು, ಪ್ಯಾಕೆಟ್ಟಿನ ಸ್ಟಿಕರ್, ಬಾಗಿಲ ಮೇಲಿನ ಬೋರ್ಡು, ವಾಟ್ಸಾಪ್ ಡಿಪಿ, ಕ್ಯೂಆರ್ ಕೋಡಿನ ಸ್ಟ್ಯಾಂಡು, ಸಂತೆಯಲ್ಲಿ ಹಾಕುವ ಬ್ಯಾನರ್. ಎಲ್ಲದರ ಫೋಟೊ ತೆಗೆದುಕೊಳ್ಳಿ, ಅಳತೆ ಬರೆದುಕೊಳ್ಳಿ. ಡಿಸೈನ್ ಶುರುವಾಗಬೇಕಾದದ್ದು ಇವುಗಳಲ್ಲಿ ಅತಿ ಸಣ್ಣದರಿಂದ, ಅಂದರೆ ಸೀಲಿನಿಂದ. ಒಂದೇ ಬಣ್ಣ, ಹರಡುವ ಶಾಯಿ, ಒರಟು ಕಾಗದ. ಅಲ್ಲಿ ಹೆಸರು ಸರಿಯಾಗಿ ಓದಲು ಬಂದರೆ ಬೋರ್ಡಿನ ಚಿಂತೆ ಅರ್ಧ ಕಳೆದಂತೆ.

ಕನ್ನಡ ಅಕ್ಷರ ಬಿಡಿಸುವಾಗ ಎರಡು ಕಡೆ ಕಣ್ಣಿಡಿ. ಒಂದು, ಒತ್ತಕ್ಷರ. ‘ತ್ತಿ’ಯಲ್ಲಿ ತ ಒತ್ತು ಗೆರೆಯ ಕೆಳಗೆ ಇಳಿಯುತ್ತದೆ. ಅದಕ್ಕೆ ಜಾಗ ಬಿಡದೆ ಕೆಳಗೆ ಇನ್ನೊಂದು ಸಾಲು ತುರುಕಿದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಇನ್ನೊಂದು, ಅಕ್ಷರದ ಒಳಗಿನ ಖಾಲಿ ಜಾಗ. ನಮ್ಮ ಅಕ್ಷರಗಳು ದುಂಡಗಿವೆ, ಸುರುಳಿ ಜಾಸ್ತಿ. ಸಣ್ಣದಾಗಿ ಅಚ್ಚು ಹಾಕಿದರೆ ಶಾಯಿ ಒಳಗೆ ತುಂಬಿ ಸುರುಳಿ ಮುಚ್ಚಿಹೋಗುತ್ತದೆ. ಅದಕ್ಕೇ ಒಂದೇ ಹೆಸರನ್ನು ಮೂರು ಸಲ ಬಿಡಿಸಬೇಕು. ಬೋರ್ಡಿಗೆ ದಪ್ಪನೆಯದು, ಲೇಬಲ್ಲಿಗೆ ಮಧ್ಯಮದ್ದು, ಸೀಲಿಗೆ ತೆಳು ಗೆರೆಯ, ಒಳಜಾಗ ಅಗಲಿಸಿದ್ದು. ನೋಡುವವರಿಗೆ ಮೂರೂ ಒಂದೇ ಅನ್ನಿಸಬೇಕು. ಡಿಪಿಗೆ ಹೆಸರು ಪೂರ್ತಿ ಬೇಡ. ವಾಟ್ಸಾಪ್ ಅದನ್ನು ದುಂಡಗೆ ಕತ್ತರಿಸುತ್ತದೆ. ‘ಬು’ ಒಂದೇ ಸಾಕು, ಸುತ್ತ ಸಾಕಷ್ಟು ಜಾಗ ಬಿಟ್ಟು.

ಬದಲಾಗುವ ಭಾಗಕ್ಕೆ ನನಗೆ ಇಷ್ಟವಾದದ್ದು ಕಸೂತಿಯ ಮುರ್ಗಿ ಹೊಲಿಗೆ. ಮೆಟ್ಟಿಲು ಮೆಟ್ಟಿಲಾಗಿ ಓಡುವ ಸಾಲು ಅದು. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಒಂದು ತುಣುಕು ಬಿಡಿಸಿದರೆ ಸಾಕು, ಬೇಕಾದಷ್ಟು ಉದ್ದಕ್ಕೆ ಜೋಡಿಸುತ್ತ ಹೋಗಬಹುದು. ಡಬ್ಬಿಯ ಸುತ್ತ ಪಟ್ಟಿ, ಬೋರ್ಡಿನ ಕೆಳಗೆ ಉದ್ದನೆಯ ಅಂಚು, ಬಿಲ್ಲಿನ ಮೂಲೆಯಲ್ಲಿ ನಾಲ್ಕೇ ಮೆಟ್ಟಿಲು. ಬಣ್ಣ ಸಾಮಾನಿನಿಂದಲೇ ಬರಲಿ. ರಂಜಕಕ್ಕೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಗುರೆಳ್ಳಿಗೆ ಕಪ್ಪು, ಶೇಂಗಾಕ್ಕೆ ಅದರ ಸಿಪ್ಪೆಯ ಕಂದು. ‘ಬುತ್ತಿ’ ಹೆಸರಿನ ಬಣ್ಣ ಮಾತ್ರ ಎಲ್ಲ ಕಡೆ ಒಂದೇ. ಇಲ್ಲಿ ಬಿಗಿಯಾಗಿರಿ. ಹಬ್ಬ ಬಂತು, ಹೆಸರಿಗೂ ಬಂಗಾರದ ಬಣ್ಣ ಕೊಡೋಣ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಕೊಡಬೇಡಿ, ಅಂಚಿಗೆ ಕೊಡಿ.

ಖಡಕ್ ರೊಟ್ಟಿಯನ್ನು ಪಾರದರ್ಶಕ ಕವರಿನಲ್ಲಿ ಮಾರುವುದರಿಂದ ಗಿರಾಕಿಗೆ ರೊಟ್ಟಿ ಕಾಣಬೇಕು. ಆದರೆ ಹೆಸರಿಗೆ ಕಂದು ಬಣ್ಣ ಇದ್ದರೆ ಜೋಳದ ಬಣ್ಣದ ಮೇಲೆ ಅಕ್ಷರ ಮುಳುಗಿಹೋಗುತ್ತದೆ. ಹೆಸರಿನ ಹಿಂದೆ ಬಿಳಿ ಪಟ್ಟಿಯೊಂದು ಯಾವಾಗಲೂ ಇರಲಿ, ಅದೂ ಲೋಗೊದ ಭಾಗವೇ ಆಗಲಿ.

ಸಾಮಾನಿನ ಹೆಸರುಗಳಿಗೆ ನಾನು ಬಳಸುವುದು ಅನೇಕ್ ಕನ್ನಡ ಫಾಂಟ್. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಅದರಲ್ಲಿ ದಪ್ಪವನ್ನಷ್ಟೇ ಅಲ್ಲ, ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು. ‘ರಂಜಕ’ ಮೂರಕ್ಷರ, ‘ಗುರೆಳ್ಳು ಹಿಂಡಿ’ ಉದ್ದ. ಎರಡೂ ಒಂದೇ ಅಳತೆಯ ಲೇಬಲ್ಲಿನಲ್ಲಿ ಕೂರಬೇಕು. ಡಿಸೈನ್ ಸಾಫ್ಟ್‌ವೇರ್ ಕೋರಲ್ ಡ್ರಾದಲ್ಲಿ ಅಕ್ಷರ ಹಿಡಿದು ಎಳೆದರೆ ಅಡ್ಡಗೆರೆ ಒಂದು ದಪ್ಪ, ಉದ್ದಗೆರೆ ಒಂದು ದಪ್ಪ ಆಗಿ ನೋಡಲಿಕ್ಕಾಗುವುದಿಲ್ಲ. ಫಾಂಟಿನ ಅಗಲವನ್ನೇ ಬದಲಿಸಿದರೆ ಗೆರೆ ಕೆಡುವುದಿಲ್ಲ. ಪ್ರೆಸ್ಸಿಗೆ ಕೊಡುವ ಮುನ್ನ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಯ ಚಿತ್ರವಾಗಿಸಿ, ಪಿಡಿಎಫ್ ಕೊಡಿ. ಅವರ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟುಗಳಷ್ಟೇ ಇದ್ದರೆ ಯೂನಿಕೋಡ್ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವ ಸಂಭವ ಇರುತ್ತದೆ.

ಕಾನೂನಿನ ಜಾಗಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ಆದ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಇಂಗ್ಲಿಷ್ ಹೆಸರನ್ನು ಮೇಲಿಟ್ಟು ಮಾಡಿದ ಲೋಗೊ ಬೋರ್ಡಿಗೆ ಬರುವುದಿಲ್ಲ. ಲೇಬಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಆಹಾರ ನೋಂದಣಿ ಅಥವಾ ಪರವಾನಗಿ ಸಂಖ್ಯೆ, ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ ಬೇಕು. ಸಸ್ಯಾಹಾರದ ಗುರುತಾದ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ನಿಮ್ಮ ಬ್ರ್ಯಾಂಡ್ ಬಣ್ಣಕ್ಕೆ ತಿರುಗಿಸಬೇಡಿ. ಕ್ಯೂಆರ್ ಕೋಡಿನ ಸುತ್ತಲೂ ಬಿಳಿ ಅಂಚು ಬಿಡಿ, ಮುರ್ಗಿ ಸಾಲು ಅದಕ್ಕೆ ತಾಗಬಾರದು.

ಕೊನೆಗೆ ಫೈಲುಗಳನ್ನು ಒಪ್ಪಿಸುವಾಗ ಅವುಗಳ ಹೆಸರು ಕನ್ನಡದಲ್ಲೇ ಇರಲಿ: ‘ಬೋರ್ಡಿಗೆ’, ‘ಸೀಲಿಗೆ’, ‘ವಾಟ್ಸಾಪಿಗೆ’. ಜೊತೆಗೆ ಒಂದೇ ಪುಟದ ಚೀಟಿ. ಹೆಸರಿನ ಬಣ್ಣದ ಸಂಖ್ಯೆ, ಗೋಡೆ ಬರೆಯುವ ಪೇಂಟರಿಗೆ ಶೇಡ್ ಕಾರ್ಡಿನ ನಂಬರು, ಇಷ್ಟಕ್ಕಿಂತ ಸಣ್ಣದಾದರೆ ‘ಬು’ ಮಾತ್ರ ಬಳಸಿ ಎಂಬ ಸೂಚನೆ. ಆಮೇಲೆ ಅಕ್ಕಾರಿಗೋ, ಮನೆಯಲ್ಲಿ ಫೋನು ನೋಡಿಕೊಳ್ಳುವ ಮಗಳಿಗೋ ಪಂಚಮಿ ಉಂಡಿಯ ಲೇಬಲ್ ಮಾಡಲು ಹೇಳಿ. ನೀವು ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಚೀಟಿಯ ಆ ಸಾಲನ್ನು ತಿದ್ದಿ, ಆಮೇಲೆ ಬಿಲ್ ಕೊಡಿ.