ಸೈಕಲ್ಲಿನ ಹಿಂದಿನ ದೀಪ: ನನ್ನ ಅನುಭವ

ಮಂಡ್ಯದ ಔಷಧದಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಾನು, ರಾತ್ರಿ ಒಂಬತ್ತರ ಸುಮಾರಿಗೆ ಅಂಗಡಿ ಮುಚ್ಚಿದ ಮೇಲೆ, 8 ಕಿ.ಮೀ. ದೂರದ ನಮ್ಮೂರಿಗೆ ಸೈಕಲ್ಲಿನಲ್ಲೇ ಹಿಂತಿರುಗುತ್ತೇನೆ. ಅದರಲ್ಲಿ ಹೆಚ್ಚಿನ ಪಾಲು ಬೆಂಗಳೂರು–ಮೈಸೂರು ಹೆದ್ದಾರಿಯ ಸರ್ವೀಸ್ ರಸ್ತೆ, ಉಳಿದದ್ದು ನಾಲೆಯ ಏರಿ. 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತ ಮೇಲೆ ಅವೆಲ್ಲವೂ ಸರ್ವೀಸ್ ರಸ್ತೆಗೆ ಇಳಿದಿರುವುದರಿಂದ, ಆ ಕಿರಿದಾದ ದಾರಿಯಲ್ಲಿ ಎದುರಿನಿಂದಲೂ ಹಿಂದಿನಿಂದಲೂ ವಾಹನಗಳು ಬರುತ್ತಲೇ ಇರುತ್ತವೆ. ಇಂಥ ಕಡೆ ಬೆಳಕಿಲ್ಲದೆ ಹೋಗುವಷ್ಟು ಅವಿವೇಕಿ ನಾನು ಎಂದೂ ಆಗಿರಲಿಲ್ಲ. ಆದರೂ ಎರಡು ವರ್ಷಗಳ ಹಿಂದೆ, ಜಿಟಿಜಿಟಿ ಮಳೆಯ ಒಂದು ರಾತ್ರಿ, ಹಾಲಿನ ವ್ಯಾನೊಂದು ನನ್ನ ಹಿಂದೆ ಕಿರ್ರೆಂದು ಬ್ರೇಕು ಹಾಕಿ, ನನ್ನ ಮೊಣಕೈಗೆ ಒಂದು ಗೇಣಿನಷ್ಟು ದೂರದಲ್ಲಿ ಬಂದು ನಿಂತಿತು. ಚಾಲಕ ಬೈಯಲಿಲ್ಲ. ತಲೆ ಹೊರಹಾಕಿ, "ಅಣ್ಣೋ, ಹಿಂದ್ಗಡೆ ಒಂದ್ ಲೈಟಾದ್ರೂ ಹಾಕ್ಸ್ಬಾರ್ದಾ?" ಎಂದಷ್ಟೇ ಕೇಳಿ ಹೊರಟುಹೋದ.

ದೀಪವಿತ್ತು, ಉರಿಯುತ್ತಲೂ ಇತ್ತು. ಸೀಟಿನ ಕೆಳಗಿನ ಕೊಳವೆಗೆ ಸಿಕ್ಕಿಸಿದ್ದ ಅದರ ಮೇಲೆ ನನ್ನ ರೈನ್‌ಕೋಟಿನ ಅಂಚು ಇಳಿಬಿದ್ದಿತ್ತು. ಸಾಲದೆಂಬಂತೆ ಕ್ಯಾರಿಯರ್ ಮೇಲೆ ಊಟದ ಡಬ್ಬಿಯ ಚೀಲ ಅದಕ್ಕೆ ಅಡ್ಡಲಾಗಿ ಕುಳಿತಿತ್ತು. ಮುಂದಿನ ದೀಪ ಕೆಟ್ಟರೆ ದಾರಿ ಕಾಣದಾಗಿ ನಮಗೆ ತಕ್ಷಣ ಗೊತ್ತಾಗುತ್ತದೆ, ಹಿಂದಿನದು ಆರಿದರೂ ಮುಚ್ಚಿಹೋದರೂ ಸವಾರನಿಗೆ ಅದರ ಸುಳಿವೇ ಸಿಗುವುದಿಲ್ಲ. ಎಷ್ಟು ತಿಂಗಳು ಹಾಗೆ ಓಡಾಡಿದ್ದೆನೋ ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಮರುದಿನ ಭಾನುವಾರ. ಕತ್ತಲಾದ ಮೇಲೆ ಸೈಕಲ್ಲನ್ನು ಮನೆಯ ಮುಂದಿನ ರಸ್ತೆಯಲ್ಲಿ ನಿಲ್ಲಿಸಿ, ಚೀಲ ರೈನ್‌ಕೋಟುಗಳನ್ನು ಎಂದಿನಂತೆಯೇ ಹೇರಿ, ಮಗನನ್ನು ಸೀಟಿನ ಮೇಲೆ ಕೂರಿಸಿ, ನಾನು ಹಿಂದಕ್ಕೆ ನೂರು ಹೆಜ್ಜೆ ನಡೆದುಹೋಗಿ ತಿರುಗಿ ನೋಡಿದೆ. ಸೈಕಲ್ಲಿನ ಬೆಳಕಿನ ವಿಷಯದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಇದೇ. ಚೀಲ ತೆಗೆಸಿದಾಗಲೂ ದೀಪ ಮಂಕಾಗಿಯೇ ಕಂಡಿತು, ಏಕೆಂದರೆ ಸೀಟಿನ ಕೊಳವೆ ಓರೆಯಾಗಿರುವುದರಿಂದ ದೀಪವೂ ಓರೆಯಾಗಿ ನಿಂತು ತನ್ನ ಬೆಳಕನ್ನೆಲ್ಲ ಮಡ್‌ಗಾರ್ಡಿನ ಮೇಲೆ ಸುರಿಯುತ್ತಿತ್ತು. ಅದನ್ನು ಬಿಚ್ಚಿ, ಕ್ಯಾರಿಯರಿನ ಹಿಂಬದಿಯ ಕಂಬಿಗೆ, ಯಾವ ಚೀಲವೂ ಮುಚ್ಚಲಾಗದ ಜಾಗದಲ್ಲಿ, ಹಳೆಯ ಟ್ಯೂಬಿನ ತುಂಡನ್ನು ಸುತ್ತಿ ಬಿಗಿದೆ. ಟ್ಯೂಬಿನ ರಬ್ಬರು ಇದ್ದರೆ ಹಳ್ಳ–ದಿಣ್ಣೆಯಲ್ಲೂ ಕ್ಲಾಂಪು ತಿರುಗುವುದಿಲ್ಲ. ದೀಪದ ಮುಖ ರಸ್ತೆಗೆ ಸಮಾನಾಂತರವಾಗಿ ನೇರ ಹಿಂದಕ್ಕೆ ನೋಡುವಂತೆ ಮಾಡಿದ ಮೇಲೆ ಅದೇ ನೂರು ಹೆಜ್ಜೆಯಿಂದ ಬೇರೆಯದೇ ದೀಪದಂತೆ ಕಂಡಿತು.

ಒಂದರಿಂದ ಸಮಾಧಾನವಾಗದೆ ಎರಡನೆಯ ದೀಪವನ್ನೂ ಕೊಂಡೆ. ಒಂದು ಸ್ಥಿರವಾಗಿ ಉರಿಯುತ್ತದೆ, ಇನ್ನೊಂದು ಮಿನುಗುತ್ತದೆ. ಮಿನುಗುವ ದೀಪ ಚಾಲಕನ ಗಮನವನ್ನು ಬೇಗ ಸೆಳೆಯುತ್ತದೆ ನಿಜ, ಆದರೆ ಅದು ಎಷ್ಟು ದೂರದಲ್ಲಿದೆ, ಯಾವ ಕಡೆಗೆ ಚಲಿಸುತ್ತಿದೆ ಎಂಬ ಅಂದಾಜು ಕತ್ತಲಲ್ಲಿ ಸ್ಥಿರವಾದ ಬೆಳಕಿನಿಂದಲೇ ಸುಲಭ. ಇದನ್ನು ನಾನು ಬೇರೆಯವರ ಸೈಕಲ್ಲುಗಳ ಹಿಂದೆ ಹೋಗುವಾಗ ಕಂಡುಕೊಂಡಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಒಂದರ ಚಾರ್ಜು ದಾರಿಯಲ್ಲಿ ಮುಗಿದರೂ ಇನ್ನೊಂದು ಮನೆ ಮುಟ್ಟಿಸುತ್ತದೆ. ಎರಡನ್ನೂ ಒಂದೇ ದಿನ ಚಾರ್ಜಿಗೆ ಹಾಕದೆ, ಒಂದನ್ನು ಭಾನುವಾರ, ಇನ್ನೊಂದನ್ನು ಗುರುವಾರ ಹಾಕುವ ಪದ್ಧತಿ ಇಟ್ಟುಕೊಂಡಿದ್ದೇನೆ.

ನಮ್ಮ ತಂದೆಯ ಕಾಲದ ಡೈನಮೋದ ಬಗ್ಗೆ ಹಿರಿಯರು ಇಂದಿಗೂ ಅಭಿಮಾನದಿಂದ ಮಾತನಾಡುತ್ತಾರೆ. ಟೈರಿನ ಪಕ್ಕಕ್ಕೆ ಉಜ್ಜಿಕೊಂಡು ತಿರುಗುವ ಆ ಬಾಟಲಿಯಂಥ ಯಂತ್ರಕ್ಕೆ ಶೆಲ್ಲು ಬೇಡ, ಚಾರ್ಜು ಬೇಡ. 6 ವೋಲ್ಟು, 3 ವ್ಯಾಟಿನಷ್ಟು ವಿದ್ಯುತ್ತನ್ನು ಕಾಲಿನ ಬಲದಿಂದಲೇ ಕೊಡುತ್ತಿತ್ತು. ಆದರೆ ಮಳೆಯಲ್ಲಿ ಟೈರು ಒದ್ದೆಯಾದರೆ ಅದು ಜಾರುತ್ತಿತ್ತು, ಸೈಕಲ್ಲು ನಿಂತರೆ ದೀಪವೂ ಆರುತ್ತಿತ್ತು. ಬಲಕ್ಕೆ ತಿರುಗಲು ರಸ್ತೆಯ ನಡುವೆ ಕಾಲೂರಿ ನಿಂತಾಗಲೇ ಬೆಳಕು ಹೆಚ್ಚು ಬೇಕಾದದ್ದು. ಆ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡಿನ ತುದಿಗೆ ಬಳಿದಿರುತ್ತಿದ್ದ ಬಿಳಿ ಬಣ್ಣ ಮಾತ್ರ ಬುದ್ಧಿವಂತರ ಕೆಲಸವಾಗಿತ್ತು ಎಂದು ನನಗೀಗ ಅನಿಸುತ್ತದೆ.

ಅದನ್ನೇ ಅನುಸರಿಸಿ, ಲಾರಿ ಮತ್ತು ಟ್ರೈಲರುಗಳಿಗೆ ಅಂಟಿಸುವ ರಿಫ್ಲೆಕ್ಟರ್ ಟೇಪನ್ನು ಸ್ಟಿಕ್ಕರ್ ಅಂಗಡಿಯಿಂದ ಒಂದು ಮೀಟರ್ ತಂದೆ. ನಮ್ಮ ಔಷಧದಂಗಡಿಯಿಂದ ತಂದ ಸ್ಪಿರಿಟ್ಟಿನಿಂದ ಎಣ್ಣೆ–ಧೂಳು ಒರೆಸಿ, ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ (ಚೂಪು ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ), ಹಿಂದಿನ ಮಡ್‌ಗಾರ್ಡಿಗೆ ಕೆಂಪು, ಪಕ್ಕಕ್ಕೆ ಹಳದಿ, ಮುಂದಿನ ಫೋರ್ಕಿಗೆ ಬಿಳಿ ಅಂಟಿಸಿದೆ. ಈ ಟೇಪು ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ, ಹಾಗಾಗಿ ವಾಹನದ ಹೆಡ್‌ಲೈಟು ನಮ್ಮತ್ತ ತಿರುಗುವವರೆಗೆ ಅದು ಇದ್ದೂ ಇಲ್ಲದಂತೆಯೇ, ದೀಪಕ್ಕೆ ಬದಲಿಯಲ್ಲ. ಪೆಡಲಿನ ರಿಫ್ಲೆಕ್ಟರು ಮತ್ತು ಪಾದದ ಗಂಟಿನ ಬಳಿ ಕಟ್ಟುವ ಹೊಳೆಯುವ ಪಟ್ಟಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಎರಡು ಚುಕ್ಕೆಗಳು ಮೇಲೆ ಕೆಳಗೆ ಆಡುವುದನ್ನು ಕಂಡೊಡನೆ ಅದು ಮೈಲಿಗಲ್ಲೂ ಅಲ್ಲ, ನಿಂತ ಗಾಡಿಯೂ ಅಲ್ಲ, ಸೈಕಲ್ ತುಳಿಯುತ್ತಿರುವ ಮನುಷ್ಯ ಎಂದು ಯಾರಿಗಾದರೂ ತಿಳಿಯುತ್ತದೆ. ಗಿಳಿಹಸಿರು ಜಾಕೆಟ್ಟು ಹಗಲಿಗೆ ಸರಿ. ರಾತ್ರಿ ಅದರಲ್ಲಿ ಕೆಲಸ ಮಾಡುವುದು ಬೂದು ಪಟ್ಟಿಗಳು ಮಾತ್ರ.

ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅದರ ಚಾಲಕನಿಗೆ ನಾನು 30 ಮೀಟರ್ ದೂರದಲ್ಲಿ ಕಂಡರೆ, ನಾನು ಮುಂದಕ್ಕೆ ಹೋಗುತ್ತಿರುವುದನ್ನು ಲೆಕ್ಕಕ್ಕೆ ಹಿಡಿದರೂ, ಅವನಿಗೆ ಉಳಿಯುವುದು ಎರಡೂವರೆ ಸೆಕೆಂಡು. ನೂರು ಹೆಜ್ಜೆಯ ಪರೀಕ್ಷೆಗೆ ಅರ್ಥ ಬರುವುದು ಈ ಲೆಕ್ಕದಿಂದ.

ಮುಂದಿನ ದೀಪದ ವಿಷಯದಲ್ಲಿ ನನ್ನ ತಪ್ಪು ಬೇರೆಯದಾಗಿತ್ತು. ಮೊದಲು ತಲೆಗೆ ಕಟ್ಟುವ ಟಾರ್ಚು ಬಳಸಿದೆ; ನಾಲೆಯ ಏರಿಯಲ್ಲಿ ಗದ್ದೆಯ ಹುಳುಗಳೆಲ್ಲ ಮುಖಕ್ಕೇ ಬಡಿದವು, ಎದುರು ಬಂದವರನ್ನು ನೋಡಿದಾಗಲೆಲ್ಲ ಅವರ ಕಣ್ಣು ಕುಕ್ಕಿತು. ಈಗ ದೀಪ ಹ್ಯಾಂಡಲಿನ ಮೇಲೆ, ನೆಲದಿಂದ 96 ಸೆಂ.ಮೀ. ಎತ್ತರದಲ್ಲಿದೆ. ಗೋಡೆಯಿಂದ 3 ಮೀಟರ್ ದೂರದಲ್ಲಿ ದೀಪವನ್ನು ನಿಲ್ಲಿಸಿ, ಬೆಳಕಿನ ನಡುಭಾಗ ಗೋಡೆಯ ಮೇಲೆ 72 ಸೆಂ.ಮೀ. ಎತ್ತರದ ಸೀಮೆಸುಣ್ಣದ ಗುರುತಿಗೆ ಬೀಳುವಂತೆ ಬಗ್ಗಿಸಿದ್ದೇನೆ. 3 ಮೀಟರಿಗೆ 24 ಸೆಂ.ಮೀ. ಇಳಿಯುವ ಬೆಳಕು 12 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ನನ್ನ ನಿಧಾನದ ಸವಾರಿಗೆ ಅಷ್ಟು ಸಾಕು, ಎದುರಿನವರ ಕಣ್ಣಿಗೂ ಬಾಧೆಯಿಲ್ಲ.

ಅಂಗಡಿಯ ಷಟರ್ ಎಳೆದ ಮೇಲೆ ಸೈಕಲ್ಲಿನ ಬೆನ್ನನ್ನು ಅದರತ್ತ ಮಾಡಿ ಎರಡೂ ದೀಪ ಹಚ್ಚುತ್ತೇನೆ. ತಗಡಿನ ಮೇಲೆ ಎರಡು ಕೆಂಪು ಕಲೆ ಕಂಡರೆ ಹೊರಡುತ್ತೇನೆ. ಇಷ್ಟಾದರೂ ಕಬ್ಬು ಸಾಗಿಸುವ ತಿಂಗಳುಗಳಲ್ಲಿ ನನ್ನ ಯಾವ ವ್ಯವಸ್ಥೆಯೂ ನಡೆಯುವುದಿಲ್ಲ. ಒಂದೇ ಹೆಡ್‌ಲೈಟು ಉರಿಸಿಕೊಂಡು ಎದುರಿಗೆ ಬರುವ ಟ್ರ್ಯಾಕ್ಟರು ದೂರದಿಂದ ಬೈಕಿನಂತೆ ಕಾಣುತ್ತದೆ, ಅದರ ಹಿಂದಿನ ಟ್ರೈಲರಿನ ಇಕ್ಕೆಲಕ್ಕೂ ಕಬ್ಬು ಚಾಚಿಕೊಂಡಿರುತ್ತದೆ. ಒಂಟಿ ದೀಪ ನಿಧಾನವಾಗಿ ಬರುತ್ತಿದೆ ಎನಿಸಿದರೆ ನಾನು ಸೈಕಲ್ಲಿನಿಂದಿಳಿದು, ಮಣ್ಣಿನ ಅಂಚಿಗೆ ಸರಿದು, ಕಬ್ಬಿನ ಗರಿ ಮುಖಕ್ಕೆ ತಾಗದಷ್ಟು ದೂರದಲ್ಲಿ ನಿಂತುಬಿಡುತ್ತೇನೆ.