ಎಸ್‌ಡಿಎಲ್‌ನಂಥ ಲೈಬ್ರರಿಯಲ್ಲಿ ಬಾಕಿ ಕೆಲಸದ ಲೆಕ್ಕ ಇಡುವುದು ಹೇಗೆ

ಹಲವು ಪ್ಲಾಟ್‌ಫಾರ್ಮ್‌ಗಳಲ್ಲಿ ಓಡಬೇಕಾದ ಲೈಬ್ರರಿಯ ಬಗ್ಗೆ ‘ಈ ಕೆಲಸ ಮುಗಿಯಿತೇ?’ ಎಂದು ಯಾರಾದರೂ ಕೇಳಿದರೆ ‘ಎಲ್ಲಿ?’ ಎಂದು ತಿರುಗಿ ಕೇಳಬೇಕಾಗುತ್ತದೆ. ವಿಂಡೋಸ್‌ನಲ್ಲಿ ಮುಗಿದದ್ದು ವೇಲ್ಯಾಂಡ್‌ನಲ್ಲಿ (ಲಿನಕ್ಸ್‌ನಲ್ಲಿ ವಿಂಡೋಗಳನ್ನು ತೋರಿಸುವ ಹೊಸ ವ್ಯವಸ್ಥೆ) ಅರ್ಧಕ್ಕೆ ನಿಂತಿರುತ್ತದೆ, ಆಂಡ್ರಾಯ್ಡ್‌ನಲ್ಲಿ ಶುರುವೇ ಆಗಿರುವುದಿಲ್ಲ. ಆದ್ದರಿಂದ ಬಾಕಿಯನ್ನು ಫಂಕ್ಷನ್‌ವಾರು ಬರೆದಿಟ್ಟರೆ ಸಾಲದು. ಒಂದು ಫಂಕ್ಷನ್, ಒಂದು ಪ್ಲಾಟ್‌ಫಾರ್ಮ್ ಎಂದು ಮನೆ ಹಾಕಿಕೊಂಡು ಬರೆಯಬೇಕು.

ಇಲ್ಲಿ ಎಸ್‌ಡಿಎಲ್ ಅನ್ನೇ ಉದಾಹರಣೆಗೆ ಹಿಡಿಯೋಣ. 1998ರಲ್ಲಿ ಸ್ಯಾಮ್ ಲಾಂಟಿಂಗಾ ಶುರುಮಾಡಿದ ಈ ಸಿ ಲೈಬ್ರರಿ ಗೇಮ್‌ಗಳಿಗೆ ವಿಂಡೋ, ಸದ್ದು, ಕೀಬೋರ್ಡ್, ಗೇಮ್‌ಪ್ಯಾಡ್ ಒದಗಿಸುತ್ತದೆ. ಕೋಡ್ ಎಲ್ಲರಿಗೂ ಮುಕ್ತ, ಚರಿತ್ರೆ ದೊಡ್ಡದು, ಪ್ಲಾಟ್‌ಫಾರ್ಮ್‌ಗಳು ಬಹಳ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮೊದಲು ಕೋಡನ್ನೇ ಕೇಳಿ

ಬಹುತೇಕರು ಇಶ್ಯೂ ಪಟ್ಟಿಯಿಂದ (ಬಗ್, ಬೇಡಿಕೆಗಳನ್ನು ನಂಬರ್ ಕೊಟ್ಟು ದಾಖಲಿಸುವ ಪಟ್ಟಿ) ಶುರುಮಾಡುತ್ತಾರೆ. ಅಲ್ಲಿರುವುದು ಯಾರೋ ಗಮನಿಸಿ ಬರೆದ ಬಾಕಿ ಮಾತ್ರ. ಯಾರ ಕಣ್ಣಿಗೂ ಬೀಳದ ಬಾಕಿ ಕೋಡ್‌ನಲ್ಲಿದೆ, ಅದನ್ನು ಹುಡುಕಲು ಒಂದು ನೇರ ದಾರಿಯೂ ಇದೆ.

ಎಸ್‌ಡಿಎಲ್‌ನ ವಿಡಿಯೋ ಫೋಲ್ಡರ್‌ನೊಳಗೆ ವಿಂಡೋಸ್, ಕೊಕೊ (ಮ್ಯಾಕ್), ಎಕ್ಸ್11 (ಲಿನಕ್ಸ್‌ನ ಹಳೆಯ ವಿಂಡೋ ವ್ಯವಸ್ಥೆ), ವೇಲ್ಯಾಂಡ್, ಆಂಡ್ರಾಯ್ಡ್, ಯುಐಕಿಟ್ (ಐಫೋನ್), ಎಮ್‌ಸ್ಕ್ರಿಪ್ಟನ್ (ವೆಬ್ ಬ್ರೌಸರ್) ಹೀಗೆ ಒಂದೊಂದಕ್ಕೂ ಪ್ರತ್ಯೇಕ ಫೋಲ್ಡರ್ ಇದೆ. ಇವೆಲ್ಲವನ್ನೂ ಜೋಡಿಸುವುದು ‘ಸಿಸ್‌ವಿಡಿಯೋ’ ಹೆಡರ್‌ನಲ್ಲಿರುವ ವಿಡಿಯೋ ಡಿವೈಸ್ ಸ್ಟ್ರಕ್ಟ್. ಅದರ ತುಂಬ ಫಂಕ್ಷನ್ ಪಾಯಿಂಟರ್‌ಗಳು, ಅಂದರೆ ಯಾವ ಕೆಲಸಕ್ಕೆ ಯಾವ ಫಂಕ್ಷನ್ ಕರೆಯಬೇಕು ಎಂದು ತೋರಿಸುವ ಜಾಗಗಳು. ಪ್ರತಿ ಬ್ಯಾಕೆಂಡ್ (ಒಂದು ಪ್ಲಾಟ್‌ಫಾರ್ಮ್‌ಗೆಂದು ಬರೆದ ಕೋಡ್) ತನ್ನ ಕ್ರಿಯೇಟ್ ಡಿವೈಸ್ ಫಂಕ್ಷನ್‌ನಲ್ಲಿ ತನಗೆ ಬರುವಷ್ಟನ್ನು ತುಂಬಿ, ಉಳಿದದ್ದನ್ನು ಖಾಲಿ ಬಿಡುತ್ತದೆ. ವಿಂಡೋದ ಪಾರದರ್ಶಕತೆ ಬದಲಿಸುವ ಫಂಕ್ಷನ್ ಕರೆದಾಗ ಆ ಪಾಯಿಂಟರ್ ಖಾಲಿಯಿದ್ದರೆ ಮೇಲಿನ ಪದರ ‘ಅನ್‌ಸಪೋರ್ಟೆಡ್’ ಎಂಬ ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಹಾಗಾಗಿ ಸ್ಟ್ರಕ್ಟ್‌ನ ಒಂದೊಂದು ಪಾಯಿಂಟರನ್ನೂ ಒಂದು ಸ್ಪ್ರೆಡ್‌ಶೀಟ್‌ನ ಅಡ್ಡಸಾಲಿಗೆ ಹಾಕಿ, ಬ್ಯಾಕೆಂಡ್‌ಗಳನ್ನು ಕಂಬಸಾಲಿಗೆ ಹಾಕಿ. ಒಂದೊಂದು ಕ್ರಿಯೇಟ್ ಡಿವೈಸ್ ತೆರೆದು ತುಂಬಿರುವ ಮನೆಗೆ ಗುರುತು ಮಾಡುತ್ತ ಹೋಗಿ. ಒಂದು ಎಚ್ಚರಿಕೆ: ಪಾಯಿಂಟರ್ ತುಂಬಿದೆ ಎಂದ ಮಾತ್ರಕ್ಕೆ ಕೆಲಸ ಆಗಿದೆ ಎಂದಲ್ಲ. ಒಳಗೆ ಹೋಗಿ ನೋಡಿದರೆ ಬರೀ ಎರರ್ ಹಿಂತಿರುಗಿಸುವ ಎರಡು ಸಾಲು ಇರಬಹುದು. ಪ್ರತಿಯೊಂದನ್ನೂ ತೆರೆದು ಓದಲೇಬೇಕು.

‘ಆಗಿಲ್ಲ’ ಬೇರೆ, ‘ಆಗದು’ ಬೇರೆ

ಖಾಲಿ ಮನೆಗಳಿಗೆಲ್ಲ ‘ಬಾಕಿ’ ಎಂದು ಬರೆದುಬಿಟ್ಟರೆ ಪಟ್ಟಿ ಕೆಟ್ಟಿತು. ನಾಲ್ಕು ಗುರುತು ಇಟ್ಟುಕೊಳ್ಳಿ: ಆಗಿದೆ, ಬಾಕಿ, ಆಗದು, ಪರೀಕ್ಷಿಸಿಲ್ಲ. ‘ಬಾಕಿ’ ಇದ್ದಲ್ಲಿ ಇಶ್ಯೂ ನಂಬರ್ ಕಡ್ಡಾಯ. ‘ಆಗದು’ ಇದ್ದಲ್ಲಿ ಕಾರಣ ಮತ್ತು ತಾರೀಖು ಕಡ್ಡಾಯ.

ತಾರೀಖು ಯಾಕೆಂದರೆ, ಇಂದು ಆಗದ್ದು ನಾಳೆ ಆಗಬಹುದು. ವೇಲ್ಯಾಂಡ್‌ನಲ್ಲಿ ಅಪ್ಲಿಕೇಶನ್ ತನ್ನ ಮುಖ್ಯ ವಿಂಡೋವನ್ನು ಪರದೆಯ ಇಂಥ ಜಾಗದಲ್ಲೇ ಇಡು ಎಂದು ಹೇಳುವಂತಿಲ್ಲ. ಆ ತೀರ್ಮಾನ ಎಲ್ಲ ವಿಂಡೋಗಳನ್ನೂ ಪರದೆಯ ಮೇಲೆ ಜೋಡಿಸುವ ಕಾಂಪೋಸಿಟರ್‌ನದು. ಆದ್ದರಿಂದ ವಿಂಡೋದ ಜಾಗ ಬದಲಿಸುವ ಫಂಕ್ಷನ್ ಅಲ್ಲಿ ಸೋಲುವುದು ಬಗ್ ಅಲ್ಲ. ಇದನ್ನು ‘ಬಾಕಿ’ ಎಂದು ಬರೆದಿಟ್ಟರೆ ಹೊಸದಾಗಿ ಬಂದ ಹುಡುಗನೋ ಹುಡುಗಿಯೋ ವಾರಗಟ್ಟಲೆ ಒದ್ದಾಡಿ, ಕೊನೆಗೆ ಪ್ಯಾಚ್ ವಾಪಸ್ ಬಂದಾಗ ಪ್ರಾಜೆಕ್ಟನ್ನೇ ಬಿಟ್ಟುಹೋಗುತ್ತಾರೆ. ಇನ್ನೊಂದು ಕಡೆ ವಿಂಡೋ ಐಕಾನ್ ನೋಡಿ. ಅಪ್ಲಿಕೇಶನ್ ತಾನೇ ಐಕಾನ್ ಕೊಡಲು ವೇಲ್ಯಾಂಡ್‌ನ ಪ್ರಮಾಣಿತ ಪ್ರೊಟೊಕಾಲ್‌ಗಳಲ್ಲಿ ಬಹುಕಾಲ ದಾರಿಯೇ ಇರಲಿಲ್ಲ. 2024ರಲ್ಲಿ ಅದಕ್ಕೊಂದು ಪ್ರೊಟೊಕಾಲ್ ಸೇರಿತು, ಅಂದಿನಿಂದ ‘ಆಗದು’ ಎಂಬುದು ‘ಬಾಕಿ’ ಆಯಿತು, ಆಮೇಲೆ ಎಸ್‌ಡಿಎಲ್ 3ರಲ್ಲಿ ‘ಆಗಿದೆ’ಯೂ ಆಯಿತು. ವರ್ಷಕ್ಕೆರಡು ಸಲ ‘ಆಗದು’ ಮನೆಗಳನ್ನಷ್ಟೇ ಮತ್ತೆ ಓದಿ ನೋಡಿ. ಇಂಥವು ಆಗಲೇ ಕೈಗೆ ಸಿಗುವುದು.

ಕಾಮೆಂಟ್‌ಗಳಲ್ಲಿ ಹೂತ ಕೆಲಸ

ಆಮೇಲೆ ‘ಟುಡು’ (ಮಾಡಬೇಕು), ‘ಫಿಕ್ಸ್‌ಮಿ’ (ಸರಿಪಡಿಸಬೇಕು) ಎಂದು ಬರೆದಿಟ್ಟ ಸಾಲುಗಳು. ಕೋಡ್‌ನ ಚರಿತ್ರೆ ಕಾಯುವ ಗಿಟ್‌ನಲ್ಲಿ ಹುಡುಕಲು ಗ್ರೆಪ್ ಎಂಬ ಕಮಾಂಡ್ ಇದೆ. ಗಿಟ್ ಗ್ರೆಪ್‌ನಲ್ಲಿ ಸಾಲಿನ ನಂಬರ್ ತೋರಿಸುವ ಆಯ್ಕೆ ಹಾಕಿ ಎರಡನ್ನೂ ಒಟ್ಟಿಗೆ ಹುಡುಕಿ. ಹುಡುಕುವಾಗ ಹೊರಗಿನಿಂದ ತಂದು ಸೇರಿಸಿದ ಕೋಡ್ ಇರುವ ಫೋಲ್ಡರ್‌ಗಳನ್ನು, ಅಂದರೆ ಎಚ್‌ಐಡಿ‌ಎಪಿಐ, ಲಿಬ್‌ಎಮ್ ಇತ್ಯಾದಿಗಳನ್ನು, ಹೊರಗಿಡಿ. ಅಲ್ಲಿನ ಟುಡು ಮೂಲ ಪ್ರಾಜೆಕ್ಟಿನದು.

ಸಿಕ್ಕ ಸಾಲು ಎಷ್ಟು ಹಳೆಯದು ಎಂದು ತಿಳಿಯಲು ಗಿಟ್ ಬ್ಲೇಮ್ (ಸಾಲನ್ನು ಕೊನೆಗೆ ಬದಲಿಸಿದ ಕಮಿಟ್, ಅಂದರೆ ದಾಖಲಾದ ಬದಲಾವಣೆ, ತೋರಿಸುವ ಕಮಾಂಡ್) ಹಾಕಿದರೆ ಹಲವು ಸಲ ತಪ್ಪು ತಾರೀಖು ಬರುತ್ತದೆ. ದೊಡ್ಡ ಬದಲಾವಣೆಯೊಂದು ಕೋಡ್ ತುಂಬ ಓಡಾಡಿ ಹೋಗಿದ್ದರೆ ಬ್ಲೇಮ್ ಅದನ್ನೇ ತೋರಿಸುತ್ತದೆ. ಎಸ್‌ಡಿಎಲ್ 3ರ ತಯಾರಿಯಲ್ಲಿ 2024ರಲ್ಲಿ ಫಂಕ್ಷನ್‌ಗಳು ಇಂಟ್ (ಸಂಖ್ಯೆ) ಬದಲು ಬೂಲ್ (ಹೌದು/ಅಲ್ಲ) ಹಿಂತಿರುಗಿಸುವಂತೆ ಮಾಡಿದ್ದು ಅಂಥದ್ದು. ಆ ಕಮಿಟ್‌ಗಳನ್ನು ಬ್ಲೇಮ್‌ನ ‘ಇಗ್ನೋರ್ ರೆವ್’ ಆಯ್ಕೆಗೆ ಕೊಡಿ, ಇಲ್ಲವೇ ಗಿಟ್ ಲಾಗ್‌ನ ದೊಡ್ಡಕ್ಷರ ‘ಎಸ್’ ಆಯ್ಕೆಗೆ ಆ ಟುಡು ವಾಕ್ಯವನ್ನೇ ಕೊಟ್ಟು ಮೊದಲು ಸೇರಿದ ಕಮಿಟ್ ಹುಡುಕಿ. ಹಳೆಯ ಕಮಿಟ್‌ಗಳಲ್ಲಿ ಬಗ್ ನಂಬರ್ ಕಂಡರೆ ಅದನ್ನು ಗಿಟ್‌ಹಬ್‌ನಲ್ಲಿ ನೇರವಾಗಿ ತೆರೆಯಬೇಡಿ. ಎಸ್‌ಡಿಎಲ್ 2021ರಲ್ಲಷ್ಟೇ ಬಗ್‌ಜಿಲ್ಲಾ ಎಂಬ ಹಳೆಯ ಬಗ್ ಪಟ್ಟಿಯಿಂದ ಗಿಟ್‌ಹಬ್‌ಗೆ ಬಂತು, ಬರುವಾಗ ನಂಬರ್‌ಗಳು ಬದಲಾದವು. ಶೀರ್ಷಿಕೆಯ ಪದಗಳಿಂದ ಹುಡುಕಿ.

ಇಶ್ಯೂ ಬರೆಯುವ ಬಗೆ

‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂಬ ಇಶ್ಯೂವನ್ನು ಯಾರೂ ಮುಗಿಸಲಾರರು, ಯಾಕೆಂದರೆ ಯಾವಾಗ ಮುಗಿಯಿತು ಎಂದು ಅದರಿಂದ ಗೊತ್ತಾಗುವುದಿಲ್ಲ. ಅದನ್ನೇ, ಅಕ್ಷರ ಮೂಡಿಸುವ ಜೊತೆ ಲೈಬ್ರರಿ ಎಸ್‌ಡಿಎಲ್ ಟಿಟಿಎಫ್ ಬಗ್ಗೆ ಹೀಗೆ ಬರೆಯಿರಿ: ‘ಎಸ್‌ಡಿಎಲ್ ಟಿಟಿಎಫ್‌ನಲ್ಲಿ “ಭಕ್ತ” ಎಂದು ಬರೆಸಿದರೆ ತ-ಒತ್ತು ಕ ಅಕ್ಷರದ ಕೆಳಗೆ ಬರುವುದಿಲ್ಲ. ಕ, ಹಲಂತ ಚಿಹ್ನೆ (್), ಇಡೀ ತ ಮೂರೂ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಹಾರ್ಫ್‌ಬಜ್ ಸೇರಿಸಿ ಬಿಲ್ಡ್ ಮಾಡಿದಾಗ ಸರಿಯಿದೆ, ಇಲ್ಲದೆ ಮಾಡಿದಾಗ ಹೀಗಾಗುತ್ತದೆ.’ ಓದಿದವರಿಗೆ ಕಾರಣ ಅಲ್ಲೇ ಸಿಕ್ಕಿತು. ಅಕ್ಷರಗಳನ್ನು ಕೂಡಿಸಿ ಒತ್ತಕ್ಷರ ಮಾಡುವುದು ಹಾರ್ಫ್‌ಬಜ್ ಕೆಲಸ. ಅದಿಲ್ಲದಿದ್ದರೆ ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಎಂದಷ್ಟೇ ಬಿಡಿಸಲಾಗುತ್ತದೆ. ಇದರ ಜೊತೆ ಲೈಬ್ರರಿಯ ಪೂರ್ತಿ ಆವೃತ್ತಿ ಸಂಖ್ಯೆ, ಆಪರೇಟಿಂಗ್ ಸಿಸ್ಟಮ್, ಫಾಂಟ್ ಹೆಸರು, ಇಪ್ಪತ್ತು ಸಾಲು ಮೀರದ ಪರೀಕ್ಷಾ ಕೋಡ್ ಇರಲಿ. ಲಿನಕ್ಸ್ ಆದರೆ ಎಕ್ಸ್11 ಯಾ ವೇಲ್ಯಾಂಡ್ ಎಂಬುದನ್ನೂ ಬರೆಯಿರಿ. ಇದನ್ನು ಬಿಟ್ಟುಬಿಡುವುದರಿಂದಲೇ ಎಷ್ಟೋ ಇಶ್ಯೂಗಳು ಪ್ರಶ್ನೋತ್ತರದಲ್ಲೇ ತಿಂಗಳು ಕಳೆಯುತ್ತವೆ.

ಒಂದೇ ಸೌಲಭ್ಯ ಐದು ಪ್ಲಾಟ್‌ಫಾರ್ಮ್‌ಗೆ ಬೇಕಿದ್ದರೆ ಒಂದು ತಾಯಿ ಇಶ್ಯೂ ತೆರೆದು, ಅದರಲ್ಲಿ ಟಿಕ್ ಹಾಕುವ ಪಟ್ಟಿ ಇಟ್ಟು, ಪ್ರತಿ ಪ್ಲಾಟ್‌ಫಾರ್ಮ್‌ಗೂ ಮರಿ ಇಶ್ಯೂ ಮಾಡಿ. ಪುಲ್ ರಿಕ್ವೆಸ್ಟ್‌ನಲ್ಲಿ (ನಿಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ‘ಫಿಕ್ಸಸ್’ ಎಂದು ಬರೆದು ನಂಬರ್ ಹಾಕುವುದು ಮರಿ ಇಶ್ಯೂವಿಗೆ ಮಾತ್ರ. ತಾಯಿಯ ನಂಬರ್ ಹಾಕಿದರೆ ವಿಂಡೋಸ್ ಕೆಲಸ ಮರ್ಜ್ ಆದ ಕ್ಷಣವೇ ಇಡೀ ಇಶ್ಯೂ ಮುಚ್ಚಿಹೋಗಿ ಉಳಿದ ನಾಲ್ಕು ಕಣ್ಮರೆಯಾಗುತ್ತವೆ.

ಮುಚ್ಚಿದ ಇಶ್ಯೂ, ಉಳಿದ ಬ್ರಾಂಚ್

ಹೆಚ್ಚು ಕೆಲಸ ಕಳೆದುಹೋಗುವುದು ಇಲ್ಲಿ. ‘ಫಿಕ್ಸಸ್’ ಪದ ಇಶ್ಯೂ ಮುಚ್ಚುವುದು ಮುಖ್ಯ ಬ್ರಾಂಚಿಗೆ ಮರ್ಜ್ ಆದಾಗ. ಆದರೆ ಜನ ಬಳಸುತ್ತಿರುವುದು ರಿಲೀಸ್ ಬ್ರಾಂಚ್. ಎಸ್‌ಡಿಎಲ್ 3.2.0 ಜನವರಿ 2025ರಲ್ಲಿ ಬಂದ ಮೇಲೆ ಅದರ ತಿದ್ದುಪಡಿಗಳಿಗೆ 3.2ರ ಬ್ರಾಂಚ್ ಬೇರೆ, ಮುಂದಿನ ಕೆಲಸ ನಡೆಯುವ ಮುಖ್ಯ ಬ್ರಾಂಚ್ ಬೇರೆ. ಮುಖ್ಯದಲ್ಲಿ ಸರಿಹೋದ ಬಗ್ 3.2ಕ್ಕೂ ಹೋಗಬೇಕೇ ಎಂಬ ಪ್ರಶ್ನೆ ಇಶ್ಯೂ ಮುಚ್ಚಿದೊಡನೆ ಎಲ್ಲರಿಗೂ ಮರೆತುಹೋಗುತ್ತದೆ. ಅದಕ್ಕೆ ‘ಬ್ಯಾಕ್‌ಪೋರ್ಟ್ ಬೇಕು’ (ರಿಲೀಸ್ ಬ್ರಾಂಚಿಗೂ ಒಯ್ಯಬೇಕು) ಎಂಬ ಲೇಬಲ್ ಇಟ್ಟು, ಮುಚ್ಚಿದ ಇಶ್ಯೂವಿನ ಮೇಲೂ ಅದು ಉಳಿಯಲಿ. ರಿಲೀಸ್ ಬ್ರಾಂಚಿಗೆ ಹೋದ ಮೇಲಷ್ಟೇ ತೆಗೆಯಿರಿ.

ಒಯ್ಯುವಾಗ ಗಿಟ್ ಚೆರಿ-ಪಿಕ್‌ಗೆ (ಒಂದು ಕಮಿಟನ್ನು ಇನ್ನೊಂದು ಬ್ರಾಂಚಿಗೆ ನಕಲಿಸುವ ಕಮಾಂಡ್) ‘ಎಕ್ಸ್’ ಆಯ್ಕೆ ಹಾಕಿ, ಮೂಲ ಕಮಿಟ್‌ನ ಗುರುತು ಸಂದೇಶದಲ್ಲಿ ತಾನಾಗಿ ಸೇರುತ್ತದೆ. ಏನೇನು ಹೋಗಿಲ್ಲ ಎಂದು ನೋಡಲು ಗಿಟ್ ಚೆರಿ ಕಮಾಂಡಿಗೆ ಮೊದಲು ರಿಲೀಸ್ ಬ್ರಾಂಚ್, ಆಮೇಲೆ ಮುಖ್ಯ ಬ್ರಾಂಚ್ ಕೊಡಿ. ಮೈನಸ್ ಇದ್ದದ್ದು ಹೋಗಿದೆ, ಪ್ಲಸ್ ಇದ್ದದ್ದು ಹೋಗಿಲ್ಲ. ಆದರೆ ಪ್ಲಸ್ ಅನ್ನು ಪೂರ್ತಿ ನಂಬಬೇಡಿ: ಒಯ್ಯುವಾಗ ಘರ್ಷಣೆ ಬಂದು ಕೈಯಿಂದ ತಿದ್ದಿದ್ದರೆ ಪ್ಯಾಚ್ ಬದಲಾಗಿರುತ್ತದೆ, ಗಿಟ್‌ಗೆ ಗುರುತು ಸಿಗದೆ ಪ್ಲಸ್ ತೋರಿಸುತ್ತದೆ. ಆಗ ನೆರವಿಗೆ ಬರುವುದು ‘ಎಕ್ಸ್’ ಬಿಟ್ಟುಹೋದ ಆ ಸಾಲು.

ಟೆಸ್ಟ್ ಪಾಸಾದಾಗ ಕಾಣುವ ಹಸಿರು ಟಿಕ್ ಬಗ್ಗೆ ಒಂದು ಮಾತು. ಎಸ್‌ಡಿಎಲ್‌ನ ಟೆಸ್ಟ್‌ಗಳು ಸಿಟೆಸ್ಟ್ ಎಂಬ ಟೆಸ್ಟ್ ಓಡಿಸುವ ಸಾಧನದ ಮೂಲಕ ಓಡುವಾಗ ‘ಡಮ್ಮಿ’ ವಿಡಿಯೋ, ಆಡಿಯೋ ಡ್ರೈವರ್ ಬಳಸುತ್ತವೆ. ನಿಜವಾದ ವಿಂಡೋ ತೆರೆಯುವುದೇ ಇಲ್ಲ. ಆದ್ದರಿಂದ ವೇಲ್ಯಾಂಡ್ ಕೆಲಸಕ್ಕೆ ಟೆಸ್ಟ್ ಪಾಸಾದರೂ ಸ್ಪ್ರೆಡ್‌ಶೀಟ್‌ನ ಆ ಮನೆಯಲ್ಲಿ ‘ಪರೀಕ್ಷಿಸಿಲ್ಲ’ ಎಂದೇ ಇರಲಿ; ಯಾರಾದರೂ ಆ ಡೆಸ್ಕ್‌ಟಾಪ್‌ನಲ್ಲಿ ಓಡಿಸಿ ನೋಡಿದ ಮೇಲೆ ಬದಲಿಸಿ.

ಕೊನೆಗೆ ಮೈಲ್‌ಸ್ಟೋನ್, ಅಂದರೆ ಒಂದು ರಿಲೀಸಿಗೆ ಮುಗಿಸಬೇಕಾದ ಇಶ್ಯೂಗಳ ಗುಂಪು. ಸ್ಟ್ರಕ್ಟ್‌ನ ಅಳತೆ, ಫಂಕ್ಷನ್‌ನ ಆರ್ಗ್ಯುಮೆಂಟ್ ಬದಲಾಗಬೇಕಾದ ಕೆಲಸ ಸದ್ಯದ ಆವೃತ್ತಿಯಲ್ಲಿ ಸಾಧ್ಯವೇ ಇಲ್ಲ, ಏಕೆಂದರೆ ಈಗಾಗಲೇ ಕಂಪೈಲ್ ಆದ ಗೇಮ್‌ಗಳು ಮುರಿಯುತ್ತವೆ. ಎಸ್‌ಡಿಎಲ್ 2 ಬಂದದ್ದು 2013ರಲ್ಲಿ. ಅಂಥ ಬದಲಾವಣೆಗೆ ಮುಂದಿನ ಅವಕಾಶ ಎಸ್‌ಡಿಎಲ್ 3ರಲ್ಲಿ, ಹನ್ನೊಂದು ವರ್ಷದ ಮೇಲೆ. ಇವುಗಳನ್ನು ಮುಂದಿನ ರಿಲೀಸಿನ ಮೈಲ್‌ಸ್ಟೋನ್‌ಗೆ ಸೇರಿಸಿದರೆ ಪ್ರತಿ ಸಲವೂ ಮುಂದಕ್ಕೆ ತಳ್ಳುವುದೇ ಕೆಲಸವಾಗುತ್ತದೆ. ಮುಂದಿನ ಪ್ರಧಾನ ಆವೃತ್ತಿಗೆಂದೇ ಬೇರೆ ಮೈಲ್‌ಸ್ಟೋನ್ ತೆರೆದು ಅಲ್ಲಿಗೆ ಕಳಿಸಿ. ಅಲ್ಲಿಯವರೆಗೆ ಬಳಕೆದಾರರು ಏನು ಮಾಡಿ ಸುಧಾರಿಸಿಕೊಳ್ಳಬಹುದು ಎಂಬುದನ್ನು ಇಶ್ಯೂವಿನ ಮೊದಲ ಪ್ಯಾರಾದಲ್ಲೇ ಬರೆದಿಡಿ.