ಕುನಿಗುಂಡೆಯ ಕತೆಗೆ ಎರಡು ಕರಟ

ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಕತೆ ಹೇಳುತ್ತೇನೆ. ಒಮ್ಮೆ ಕಿನಾಸ್ಟ್ ಕೋಟೆಯ ಒಡೆಯನ ಮಗಳು ಕುನಿಗುಂಡೆಯ ಐತಿಹ್ಯವನ್ನು ಆರಿಸಿಕೊಂಡೆ. ಆ ಕೋಟೆ ಈಗಿನ ಪೋಲೆಂಡಿನಲ್ಲಿದೆ, ಅಲ್ಲಿಯವರ ಬಾಯಲ್ಲಿ ಹೊಯ್ನಿಕ್. 627 ಮೀಟರ್ ಎತ್ತರದ ಗುಡ್ಡ, ಕೆಳಗೆ ನರಕದ ಹೆಸರನ್ನೇ ಹೊತ್ತ ಕಣಿವೆ. 1675ರಲ್ಲಿ ಸಿಡಿಲು ಬಡಿದು ಸುಟ್ಟ ಮೇಲೆ ಅದನ್ನು ಯಾರೂ ಮತ್ತೆ ಕಟ್ಟಲಿಲ್ಲ. ತನ್ನ ಕೈ ಹಿಡಿಯಬೇಕೆನ್ನುವವನು ಕವಚ ತೊಟ್ಟು, ಕುದುರೆಯೇರಿ, ಕೋಟೆಗೋಡೆಯ ಮೇಲೆಯೇ ಒಂದು ಸುತ್ತು ಬರಬೇಕೆಂಬುದು ಅವಳ ಷರತ್ತು.

ಮೊದಲ ಸಲ ಕತೆಯನ್ನು ಕೆಡಿಸಿದೆ. 'ನೈಟ್' ಎಂದೆ, ಒಬ್ಬ ಹುಡುಗ "ರಾತ್ರಿ ಯಾಕೆ ಕುದುರೆ ಹತ್ತುತ್ತಾರೆ?" ಎಂದು ಕೇಳಿದ. 'ಅಶ್ವಾರೋಹಿ ವೀರ' ಎಂದೆ, ಆಕಳಿಕೆ ಬಂತು. ಕೊನೆಗೆ ಹಳೆಯ 'ರಾವುತ' ನೆನಪಾಯಿತು. ಕುದುರೆಯ ಬೆವರಿನ ವಾಸನೆ ಇರುವ ಪದ ಅದು.

ಅದಕ್ಕಿಂತ ದೊಡ್ಡ ತಪ್ಪು ಬೇರೆಯಿತ್ತು. ರಾವುತರು ಒಬ್ಬೊಬ್ಬರಾಗಿ ಕಣಿವೆಗೆ ಉರುಳಿದ ಮೇಲೆ ಜರ್ಮನಿಯ ತುರಿಂಗಿಯಾ ಸೀಮೆಯ ದೊರೆ ಬರುತ್ತಾನೆ. ಅವನನ್ನು ಕಂಡದ್ದೇ ಕುನಿಗುಂಡೆಯ ಮನಸ್ಸು ಸೋಲುತ್ತದೆ. ಅವನು ಸುತ್ತು ಮುಗಿಸಿ, ನೀನು ನನಗೆ ಬೇಡ ಎಂದು ಹೊರಟುಹೋಗುತ್ತಾನೆ. ಸಭೆ ಚಪ್ಪಾಳೆ ತಟ್ಟಿತು. "ಸೊಕ್ಕು ಇಳಿಯಿತು ನೋಡಿ" ಎಂದರು ಹಿರಿಯರೊಬ್ಬರು. ಆ ಚಪ್ಪಾಳೆ ನನಗೆ ಒಗ್ಗಲಿಲ್ಲ.

ಮನೆಗೆ ಬಂದು ಟಿಪ್ಪಣಿ ತಿರುವಿದೆ. ಅವಳ ತಂದೆ ಸತ್ತದ್ದೂ ಅದೇ ಗೋಡೆಯಿಂದ ಬಿದ್ದು ಎಂಬ ಒಂದು ಸಾಲಿತ್ತು; ಹೊತ್ತಾಗುತ್ತದೆಂದು ಅದನ್ನೇ ಹಾರಿಸಿದ್ದೆ! ಮುಂದಿನ ಸಲ ಅಲ್ಲಿಂದಲೇ ಶುರುಮಾಡಿದೆ. ತೆಂಗಿನಕಾಯಿಯ ಎರಡು ಕರಟಗಳನ್ನು ಮೇಜಿಗೆ ಕುಟ್ಟುತ್ತಾ ತಂದೆಯ ಕುದುರೆಯನ್ನು ಗೋಡೆಯ ಮೇಲೆ ನಡೆಸಿದೆ. ಬಿದ್ದ ಎಂದು ಬಾಯಿಬಿಟ್ಟು ಹೇಳಲಿಲ್ಲ. ಸದ್ದು ನಿಲ್ಲಿಸಿದೆ, ಅಷ್ಟೆ. ಬಳಿಕ ಒಬ್ಬೊಬ್ಬ ರಾವುತನಿಗೂ ಅದೇ ಸದ್ದು, ಅದೇ ನಿಲುಗಡೆ. ಮೂರನೆಯವನ ಹೊತ್ತಿಗೆ ಮಕ್ಕಳು ಉಸಿರು ಬಿಗಿಹಿಡಿದಿದ್ದರು. 'ಸೊಕ್ಕು' ಎಂಬ ಪದವನ್ನು ಬಿಟ್ಟೇಬಿಟ್ಟೆ, 'ಹಟ' ಎಂದೆ.

ಕೆಲವರು ಹೇಳುವ ಕತೆಯಲ್ಲಿ ಅವಳು ಕೊನೆಗೆ ಅದೇ ಕಣಿವೆಗೆ ಹಾರುತ್ತಾಳೆ. ಎದುರಿಗೆ ಏಳೆಂಟು ವರ್ಷದವರು ಕುಳಿತಿರುವಾಗ ನಾನು ಅಲ್ಲಿಯವರೆಗೆ ಹೋಗುವುದಿಲ್ಲ. ದೊರೆ ಬೇಡವೆನ್ನುತ್ತಾನೆ, ಕುದುರೆಯನ್ನು ತಿರುಗಿಸುತ್ತಾನೆ. ಕರಟದ ಸದ್ದು ಸಣ್ಣದಾಗುತ್ತಾ ಗುಡ್ಡ ಇಳಿಯುತ್ತದೆ. ಈ ಸಲ ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಅವಳು ಇನ್ನೂ ಗೋಡೆ ನೋಡುತ್ತಾ ನಿಂತಿದ್ದಾಳಾ?" ಎಂದಳು.